ಯಾವ ಚೀಲದ ಲೆಕ್ಕ?



ಇವತ್ತು ನಾನು ಯಾವ ರಾಜಕಾರಣಿಯ ಬಗ್ಗೆಯೂ ಮಾತಾಡೋದಿಲ್ಲ. ದಿನಾ ರಾತ್ರಿ ಯಾರನ್ನೋ ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳೋ ನಾನು ಇವತ್ತು ಅದೇ ಕಟಕಟೆಯಲ್ಲಿ ನಿಂತಿದ್ದೇನೆ. ದೂರು ಕೊಟ್ಟವರು ನಮ್ಮ ದೊಡ್ಡಪ್ಪ. ಊರು ಹಾವೇರಿ ಜಿಲ್ಲೆ, ಹಾನಗಲ್ ತಾಲ್ಲೂಕಿನ ಆಡೂರು. ದೂರು ನಿಜ. ತಪ್ಪು ನನ್ನದೇ. ಆದರೆ ಆ ತಪ್ಪು ಆಗಿದ್ದು ಹೇಗೆ ಅನ್ನೋದನ್ನ ನೀವು ಕೇಳಬೇಕು. ಯಾಕಂದ್ರೆ ಅದೇ ತಪ್ಪು ದಿನಾ ನಿಮ್ಮ ಮನೆಯ ಟಿವಿಯಲ್ಲಿ, ಪತ್ರಿಕೆಯಲ್ಲಿ, ಮೊಬೈಲಿನಲ್ಲಿ ನಡೀತಾನೇ ಇದೆ.

ಎರಡು ವರ್ಷದ ಹಿಂದಿನ ಮಾತು. ಮೆಕ್ಕೆಜೋಳದ ಸುಗ್ಗಿ. ಕಾರ್ಯಕ್ರಮದ ಕೊನೆಗೆ ಪೇಟೆ ಧಾರಣೆ ಓದೋದು ನನ್ನ ಕೆಲಸ. ಕೈಯಲ್ಲಿದ್ದ ಹಾಳೆಯಲ್ಲಿ ಮೂರು ಅಂಕಣ ಇದ್ದವು. ಒಂದರ ತಲೆಯ ಮೇಲೆ ಕನಿಷ್ಠ, ಇನ್ನೊಂದರ ಮೇಲೆ ಗರಿಷ್ಠ, ಮೂರನೆಯದರ ಮೇಲೆ ಮಾದರಿ. ನನಗಿದ್ದಿದ್ದು ನಲವತ್ತು ಸೆಕೆಂಡು. ಮೂರೂ ಓದೋಕೆ ಹೊತ್ತಿಲ್ಲ. ಗರಿಷ್ಠದ ಕೆಳಗಿದ್ದ 2250 ಅನ್ನೋ ಅಂಕಿ ಎತ್ತಿಕೊಂಡೆ. ತೆರೆಯ ಮೇಲೆ ಅದರ ಪಕ್ಕ ನಾವು ಹಾಕಿದ ಹೆಸರು ಏನು ಗೊತ್ತಾ? ‘ಇಂದಿನ ದರ’.

ಆಡೂರಿನಲ್ಲಿ ದೊಡ್ಡಪ್ಪ ಅದನ್ನು ನೋಡಿದರು. ಆ ದಿನವೇ ಊರಿಗೆ ಬಂದಿದ್ದ ವ್ಯಾಪಾರಿಯೊಬ್ಬರು ಕಣದಲ್ಲೇ 2100 ಕೊಡ್ತೀನಿ ಅಂದಿದ್ದರಂತೆ. ನಮ್ಮ ಹುಡುಗ ಟಿವಿಯಲ್ಲಿ 2250 ಅಂದಿದ್ದಾನೆ, ಸುಳ್ಳು ಹೇಳ್ತಾನಾ? ದೊಡ್ಡಪ್ಪ ವ್ಯಾಪಾರಿಯನ್ನ ವಾಪಸ್ ಕಳಿಸಿದರು. ಬೆಳಗಿನ ಜಾವ ಬಾಡಿಗೆ ಟ್ರ್ಯಾಕ್ಟರಿನಲ್ಲಿ 40 ಕ್ವಿಂಟಾಲ್ ಹೇರಿಕೊಂಡು ಪೇಟೆಗೆ ಹೋದರು. ಅಲ್ಲಿ ಸಿಕ್ಕಿದ್ದು 1950. ಕಾಳಿನಲ್ಲಿ ಹಸಿ ಇನ್ನೂ ಸ್ವಲ್ಪ ಇತ್ತು. ಹೇರಿಕೊಂಡು ಹೋದ ಮಾಲನ್ನ ಮತ್ತೆ ಊರಿಗೆ ತರೋಕಾಗುತ್ತಾ? ಕೊಟ್ಟು ಬಂದರು. ಲೆಕ್ಕ ಹಾಕಿ: ಕ್ವಿಂಟಾಲಿಗೆ 150 ರೂಪಾಯಿಯಂತೆ 6000 ರೂಪಾಯಿ ಹೋಯಿತು, ಮೇಲೆ ಟ್ರ್ಯಾಕ್ಟರ್ ಬಾಡಿಗೆ.

ರಾತ್ರಿ ಫೋನ್ ಬಂತು. ಬೈತಾರೆ ಅಂದ್ಕೊಂಡೆ. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ತಮ್ಮಾ, ಟಿವ್ಯಾಗ ನೀ ಹೇಳಿದ್ಯಲ್ಲ, ಆ ರೇಟು ಯಾವ ಮಾಲಿಂದು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಇಂಜಿನಿಯರಿಂಗ್ ಓದಿದವನು, ನಾಲ್ಕು ಸೆಮಿಸ್ಟರ್ ಗಣಿತ ಪಾಸು ಮಾಡಿದವನು. ಆದರೆ ಅಂಕಿಯನ್ನು ಓದಿದ್ದೆನೇ ಹೊರತು ಅದರ ತಲೆಬರಹವನ್ನು ಓದಿರಲಿಲ್ಲ.

ಈಗ ಆ ಮೂರನೇ ಅಂಕಣಕ್ಕೆ ಬರೋಣ. ಮಾದರಿ ದರ. ಈ ಪದ ಕೇಳಿದರೆ ನಿಮಗೇನು ಅನ್ನಿಸುತ್ತೆ? ಮಾದರಿ ಶಾಲೆ, ಮಾದರಿ ಗ್ರಾಮ, ಮಾದರಿ ರೈತ. ಅಂದ್ರೆ ಹೀಗಿರಬೇಕು ಅನ್ನೋ ಅರ್ಥ. ಯಾರೋ ಅಧಿಕಾರಿ ನಿಗದಿ ಮಾಡಿದ ಆದರ್ಶ ದರ ಅಂತ ಅನೇಕರು ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಅದು ಹಾಗಲ್ಲ. ಇಂಗ್ಲಿಷ್ ತಖ್ತೆಯಲ್ಲಿ ಅಲ್ಲಿರೋದು ‘ಮೋಡಲ್ ಪ್ರೈಸ್’. ಮಾಡೆಲ್ ಅಲ್ಲ, ಮೋಡಲ್. ಅದು ಬಂದಿದ್ದು ಸಂಖ್ಯಾಶಾಸ್ತ್ರದ ‘ಮೋಡ್’ ಅನ್ನೋ ಪದದಿಂದ. ನಿಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದೋ ಮಗು ಇದ್ರೆ ಕೇಳಿ, ಗಣಿತದ ಪುಸ್ತಕದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಅಂತ ಪಾಠ ಇದೆ. ಆ ಬಹುಲಕವೇ ಇದು. ಅವತ್ತು ಪೇಟೆಯಲ್ಲಿ ಹೆಚ್ಚಿನ ಮಾಲು ಯಾವ ದರಕ್ಕೆ ಮಾರಾಟ ಆಯ್ತೋ ಆ ದರ. ಗರಿಷ್ಠ ಅನ್ನೋದು ಒಂದೇ ಒಂದು ರಾಶಿಗೆ ಸಿಕ್ಕ ದರವೂ ಇರಬಹುದು. ಮಾದರಿ ಅನ್ನೋದು ಹೆಚ್ಚು ಜನರಿಗೆ ಸಿಕ್ಕ ದರ. ದೊಡ್ಡಪ್ಪನಿಗೆ ಬೇಕಾಗಿದ್ದು ಅದು. ನಾನು ಕೊಟ್ಟಿದ್ದು ಬೇರೆ.

ಒಂದು ಪದ, ಎರಡು ಅರ್ಥ, ನಡುವೆ ಒಬ್ಬ ರೈತನ ಆರು ಸಾವಿರ.

ಕಾಲೇಜಿನಲ್ಲಿ ಪ್ರೋಗ್ರಾಮ್ ಬರೆಯೋವಾಗ ನಮ್ಮ ಮೇಷ್ಟ್ರು ಒಂದು ವಿಷಯಕ್ಕೆ ಮಾತ್ರ ಸಿಟ್ಟಾಗ್ತಿದ್ದರು. ವೇರಿಯಬಲ್‌ಗೆ ‘ಟೆಂಪ್’ ಅಂತ ಹೆಸರಿಟ್ಟರೆ ಹಾಳೆ ವಾಪಸ್. ಅದು ಟೆಂಪರೇಚರೋ, ಟೆಂಪರರಿಯೋ? ಇವತ್ತು ನಿನಗೆ ಗೊತ್ತು, ಆರು ತಿಂಗಳಾದ ಮೇಲೆ ನಿನಗೂ ಗೊತ್ತಿರಲ್ಲ ಅನ್ನೋರು. ನಾವು ನಗ್ತಿದ್ದೆವು. ಆದರೆ 1999ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾಸಾ ಮಂಗಳ ಗ್ರಹಕ್ಕೆ ಕಳಿಸಿದ್ದ ನೌಕೆಯೊಂದು, ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅಂತ ಅದರ ಹೆಸರು, ಸುಮಾರು ಒಂಬತ್ತೂವರೆ ತಿಂಗಳು ಪ್ರಯಾಣ ಮಾಡಿ ಗ್ರಹದ ಹತ್ತಿರ ಬಂದು ನಾಶವಾಯಿತು. ಕಾರಣ ಕೇಳಿ. ಒಂದು ತಂಡದ ತಂತ್ರಾಂಶ ಬಲವನ್ನು ಪೌಂಡ್ ಲೆಕ್ಕದಲ್ಲಿ ಕೊಡ್ತಿತ್ತು, ಇನ್ನೊಂದು ತಂಡ ಅದನ್ನ ನ್ಯೂಟನ್ ಲೆಕ್ಕ ಅಂತ ತಿಳಿದು ಓದ್ತಿತ್ತು. ಅಂಕಿ ಸರಿ ಇತ್ತು. ಅಂಕಿಯ ಪಕ್ಕದ ಅಳತೆಯ ಹೆಸರು ತಪ್ಪಿತ್ತು. ರಾಕೆಟ್ ವಿಜ್ಞಾನಿಗಳೇ ಎಡವಿದ ಕಲ್ಲು ಇದು. ಟಿವಿ ಆ್ಯಂಕರ್ ಎಡವಿದ್ದರಲ್ಲಿ ಆಶ್ಚರ್ಯ ಇಲ್ಲ. ಆದರೆ ಎಡವಿದ ಮೇಲೂ ಕಲ್ಲನ್ನ ಅಲ್ಲೇ ಬಿಡೋದು ತಪ್ಪು.

ಕಲ್ಲು ಅಂದ ಕೂಡಲೇ ಆಡೂರಿನ ಇನ್ನೊಂದು ಕಲ್ಲು ನೆನಪಾಯ್ತು. ನಮ್ಮೂರಿನಲ್ಲಿ ಬಾದಾಮಿ ಚಾಲುಕ್ಯರ ಅರಸ ಕೀರ್ತಿವರ್ಮನ ಹೆಸರಿರುವ ಶಾಸನ ಇದೆ. ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಬ್ರಿಟಿಷರ ಕಾಲದಲ್ಲಿ ಫ್ಲೀಟ್ ಸಾಹೇಬರು ಓದಿ ಅಚ್ಚು ಹಾಕಿಸಿದ್ದು. ಊರಿನ ಗಾವುಂಡರು ಜಿನಾಲಯಕ್ಕೆ ಗದ್ದೆ ದಾನ ಕೊಟ್ಟ ದಾಖಲೆ ಅದು. ಎಷ್ಟು ಗದ್ದೆ? ಎಂಟು ಮತ್ತಲು. ಅಷ್ಟಕ್ಕೇ ನಿಲ್ಲಿಸಿಲ್ಲ. ಈ ಅಳತೆ ‘ರಾಜಮಾನ’ದ್ದು ಅಂತಲೂ ಕಲ್ಲಿನಲ್ಲಿ ಕೊರೆಸಿದ್ದಾರೆ. ಯಾಕೆ? ಆ ಕಾಲದಲ್ಲಿ ಊರಿಗೊಂದು ಅಳತೆ ಕೋಲು. ಒಂದು ಸೀಮೆಯ ಮತ್ತಲು ಇನ್ನೊಂದು ಸೀಮೆಯ ಮತ್ತಲು ಆಗಿರಲಿಲ್ಲ. ಬರೀ ಎಂಟು ಅಂತ ಬರೆದರೆ ನಾಳೆ ಜಗಳ. ಅದಕ್ಕೇ ಯಾವ ಕೋಲಿನಿಂದ ಅಳೆದಿದ್ದು ಅಂತ ಬರೆದರು. ಕಲ್ಲು ಕೊರೆಯೋದು ಸುಲಭದ ಕೆಲಸ ಅಲ್ಲ ವೀಕ್ಷಕರೇ. ಒಂದೊಂದು ಅಕ್ಷರಕ್ಕೂ ಉಳಿಪೆಟ್ಟು ಬೀಳಬೇಕು. ಆದರೂ ಅವರು ಆ ಪದ ಬಿಡಲಿಲ್ಲ. ನಾನು ನಲವತ್ತು ಸೆಕೆಂಡಿನ ನೆಪ ಹೇಳಿ ಬಿಟ್ಟೆ.

ದೊಡ್ಡಪ್ಪನ ಪೀಳಿಗೆಗೆ ಈ ಎಚ್ಚರ ಹುಟ್ಟಿನಿಂದಲೇ ಬಂದಿದೆ. ಯಾರಾದರೂ “ಈ ಸಲ ಎಕರೆಗೆ ಇಪ್ಪತ್ತು ಚೀಲ ಭತ್ತ ಆತು” ಅಂದ್ರೆ ಅವರ ಮೊದಲ ಪ್ರಶ್ನೆ, “ಯಾವ ಚೀಲ?” ಐವತ್ತು ಕೆಜಿ ಹಿಡಿಯೋದೂ ಚೀಲ, ಎಪ್ಪತ್ತೈದು ಕೆಜಿ ಹಿಡಿಯೋದೂ ಚೀಲ. ಹಸಿ ತೂಕವೋ, ಒಣಗಿಸಿದ ಮೇಲಿನದೋ? ಈ ಪ್ರಶ್ನೆ ಕೇಳದೆ ಅವರು ಮುಂದಿನ ಮಾತು ಆಡೋದಿಲ್ಲ. ಆದರೆ ಅದೇ ಜನ ಸರ್ಕಾರದ ಅಂಕಿ ಬಂದಾಗ, ಟಿವಿಯ ಅಂಕಿ ಬಂದಾಗ ಸುಮ್ಮನಾಗ್ತಾರೆ. ದೊಡ್ಡವರು ಹೇಳಿದ್ದು, ಸರಿ ಇರಬಹುದು ಅಂತ. ಇವತ್ತು ನಾನು ಹೇಳಬೇಕು ಅಂತಿರೋ ಮಾತು ಇಷ್ಟೇ: ಚೀಲಕ್ಕೆ ಕೇಳೋ ಪ್ರಶ್ನೆಯನ್ನು ನಮಗೂ ಕೇಳಿ, ಸರ್ಕಾರಕ್ಕೂ ಕೇಳಿ.

ಉದಾಹರಣೆಗೆ ಭತ್ತವನ್ನೇ ತಗೊಳ್ಳಿ. ಬೆಂಬಲ ಬೆಲೆ ಪ್ರಕಟವಾಗೋದು ಭತ್ತಕ್ಕೆ. ಆದರೆ ದೇಶದ ಉತ್ಪಾದನೆಯ ಪಟ್ಟಿಯಲ್ಲಿ ಇರೋದು ಅಕ್ಕಿ. ಎರಡೂ ಒಂದೇ ಬೆಳೆ, ಆದರೆ ಒಂದೇ ತೂಕ ಅಲ್ಲ. ಸರ್ಕಾರಿ ಖರೀದಿಯಲ್ಲಿ ಒಂದು ಕ್ವಿಂಟಾಲ್ ಭತ್ತಕ್ಕೆ ಗಿರಣಿಯವರು ವಾಪಸ್ ಕೊಡಬೇಕಾದ ಬೆಳ್ತಿಗೆ ಅಕ್ಕಿ 67 ಕೆಜಿ. ಉಳಿದದ್ದು ಹೊಟ್ಟು, ತೌಡು, ನುಚ್ಚು. ಇದು ಗೊತ್ತಿಲ್ಲದವರು ಹೆಕ್ಟೇರಿಗೆ ಇಷ್ಟು ಕೆಜಿ ಇಳುವರಿ ಅನ್ನೋ ಸರ್ಕಾರಿ ಅಂಕಿ ನೋಡಿ ಹಾನಗಲ್ ಕಡೆಯ ರೈತರಿಗೆ ಫೋನ್ ಮಾಡಿದ್ರೆ, ರೈತರು ಹೇಳೋದು ಅದಕ್ಕಿಂತ ಹತ್ತಿರತ್ತಿರ ಅರ್ಧದಷ್ಟು ಜಾಸ್ತಿ ಇರುತ್ತೆ. ಯಾರೋ ಸುಳ್ಳು ಹೇಳ್ತಿದ್ದಾರೆ ಅನ್ನಿಸುತ್ತೆ. ಯಾರೂ ಹೇಳ್ತಿಲ್ಲ. ಒಬ್ಬರು ಭತ್ತ ತೂಗಿದ್ದಾರೆ, ಇನ್ನೊಬ್ಬರು ಅಕ್ಕಿ. ಹತ್ತಿಯ ಕಥೆಯೂ ಇದೇ. ಬೆಂಬಲ ಬೆಲೆ ಬೀಜ ಸಮೇತ ಇರೋ ಹತ್ತಿಗೆ, ಕ್ವಿಂಟಾಲ್ ಲೆಕ್ಕದಲ್ಲಿ. ದೇಶದ ಉತ್ಪಾದನೆ ಹೇಳೋದು ಬೀಜ ತೆಗೆದ ಅರಳೆಯಲ್ಲಿ, 170 ಕೆಜಿಯ ಬೇಲ್ ಲೆಕ್ಕದಲ್ಲಿ.

ಇನ್ನು ವರ್ಷದಿಂದ ವರ್ಷಕ್ಕೆ ಅಂಕಿಗಳನ್ನು ಸಾಲಾಗಿ ಜೋಡಿಸೋದು. ಇದಕ್ಕೆ ಟೈಮ್ ಸೀರೀಸ್ ಅಂತಾರೆ, ಕನ್ನಡದಲ್ಲಿ ಕಾಲಸರಣಿ ಅನ್ನೋಣ. ಇಲ್ಲಿ ಅಪಾಯ ಇನ್ನೂ ಹೆಚ್ಚು. ಯಾಕಂದ್ರೆ ಅಂಕಣದ ತಲೆಬರಹ ಹಾಗೇ ಇರುತ್ತೆ, ಅದರ ಅರ್ಥ ಮಾತ್ರ ನಡುವೆ ಎಲ್ಲೋ ಬದಲಾಗಿರುತ್ತೆ.

ನಾನು ಡೆಸ್ಕಿನಲ್ಲಿ ಹೊಸಬನಾಗಿದ್ದಾಗ ಒಂದು ಗ್ರಾಫ್ ಮಾಡಿದ್ದೆ. ಧಾರವಾಡ ಜಿಲ್ಲೆಯ ಭತ್ತದ ಗದ್ದೆಯ ವಿಸ್ತೀರ್ಣ, ಸುಮಾರು ಮೂವತ್ತು ವರ್ಷದ್ದು. ಗೆರೆ ಚೆನ್ನಾಗಿ ಸಾಗಿ ಬಂದು 1997ರ ಆಸುಪಾಸಿನಲ್ಲಿ ಧಡಕ್ಕನೆ ಪ್ರಪಾತಕ್ಕೆ ಬಿದ್ದಿತ್ತು. ನನಗೆ ಖುಷಿಯೋ ಖುಷಿ. ಭತ್ತಕ್ಕೆ ಬೆನ್ನು ತಿರುಗಿಸಿದ ಧಾರವಾಡ ಅಂತ ಸ್ಕ್ರಿಪ್ಟ್ ಬರೆದುಬಿಟ್ಟೆ. ಹಿರಿಯರೊಬ್ಬರು ಹಾಳೆ ನೋಡಿ ಒಂದೇ ಮಾತು ಕೇಳಿದರು: “ಹಾವೇರಿ ಜಿಲ್ಲೆ ಆಗಿದ್ದು ಯಾವಾಗಪ್ಪಾ?”

1997ರ ಆಗಸ್ಟ್ 24. ಹಳೇ ಧಾರವಾಡ ಜಿಲ್ಲೆ ಒಡೆದು ಧಾರವಾಡ, ಗದಗ, ಹಾವೇರಿ ಆದವು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಬ್ಯಾಡಗಿ, ರಾಣೆಬೆನ್ನೂರು ಎಲ್ಲವೂ ಹಾವೇರಿಗೆ ಬಂದವು. ಗದ್ದೆ ಎಲ್ಲೂ ಹೋಗಿರಲಿಲ್ಲ, ಧಾರವಾಡ ಅನ್ನೋ ಪದ ಚಿಕ್ಕದಾಗಿತ್ತು. ನಾಚಿಕೆಯ ವಿಷಯ ಏನು ಅಂದ್ರೆ ನಾನೇ ಆ ಸೀಮೆಯವನು. ಪ್ರಾಥಮಿಕ ಶಾಲೆಯಲ್ಲಿ ನೋಟ್‌ಬುಕ್ಕಿನ ಮೇಲೆ ಜಿಲ್ಲೆ ಧಾರವಾಡ ಅಂತ ಬರೆದಿದ್ದನ್ನ ಹೊಡೆದು ಹಾವೇರಿ ಅಂತ ಬರೆದಿದ್ದು ನನಗೆ ಇವತ್ತಿಗೂ ನೆನಪಿದೆ. ಆದರೂ ಗ್ರಾಫ್ ಮಾಡೋವಾಗ ನಮ್ಮ ದೊಡ್ಡಪ್ಪನ ಗದ್ದೆಯನ್ನೇ ಗೆರೆಯಿಂದ ಕೆಳಗೆ ಬೀಳಿಸಿದ್ದೆ. ಹಳೆಯದಕ್ಕೆ ಹೋಲಿಸಬೇಕು ಅಂದ್ರೆ ಮೂರೂ ಜಿಲ್ಲೆ ಕೂಡಿಸಬೇಕು. ದಾವಣಗೆರೆ ಜಿಲ್ಲೆಗೂ ಆಗ ಹಳೇ ಧಾರವಾಡದ ಭಾಗ ಹೋಗಿದೆಯಾ ಅಂತ ತಾಲ್ಲೂಕು ತಾಲ್ಲೂಕಾಗಿ ನೋಡಬೇಕು. ಅಷ್ಟು ಮಾಡಿದ ಮೇಲೆ ಪ್ರಪಾತ ಮಾಯ, ನನ್ನ ಸ್ಟೋರಿಯೂ ಮಾಯ.

ಇಂಥದ್ದೇ ಒಂದು ರಾಷ್ಟ್ರಮಟ್ಟದ ಪ್ರಪಾತ ಹೇಳ್ತೀನಿ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಅಂತ ಒಂದಿದೆ. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆ ಇದರ ಮೇಲೇ ನಿಂತಿರೋದು. 2020ರ ಆಗಸ್ಟ್‌ನಲ್ಲಿ ಈ ಸೂಚ್ಯಂಕ 338. ಸೆಪ್ಟೆಂಬರ್‌ನಲ್ಲಿ 118.1. ಒಂದೇ ತಿಂಗಳಲ್ಲಿ ಬೆಲೆ ಮೂರನೇ ಒಂದು ಭಾಗಕ್ಕೆ ಇಳೀತಾ? ಅದು ಕೊರೊನಾ ಕಾಲ, ಯಾವ ಅಂಗಡಿಯಲ್ಲೂ ಹಾಗೆ ಆಗಿರಲಿಲ್ಲ. ಆಗಿದ್ದು ಇಷ್ಟೇ. ಅಲ್ಲೀವರೆಗೆ 2001ನೇ ಇಸವಿಯ ಬೆಲೆಯನ್ನು ನೂರು ಅಂತ ಇಟ್ಟುಕೊಂಡು ಲೆಕ್ಕ ಹಾಕ್ತಿದ್ದರು. ಸೆಪ್ಟೆಂಬರ್‌ನಿಂದ 2016ರ ಬೆಲೆಯನ್ನು ನೂರು ಮಾಡಿದರು. ಎರಡನ್ನೂ ಬೆಸೆಯೋಕೆ 2.88 ಅನ್ನೋ ಗುಣಕ ಕೊಟ್ಟರು. 118.1 ಅನ್ನು 2.88ರಿಂದ ಗುಣಿಸಿ. 340 ಬರುತ್ತೆ. 338 ಇದ್ದದ್ದು 340 ಆಗಿದೆ, ಬೆಲೆ ಇಳಿದಿಲ್ಲ, ಚೂರು ಏರಿದೆ. ಆದರೆ ತಲೆಬರಹದ ಪಕ್ಕ ಸಣ್ಣ ಅಕ್ಷರದಲ್ಲಿ ಬರೆದ ಆಧಾರ ವರ್ಷ ಓದದೇ ಇದ್ದವರಿಗೆ ಅದು ಕಾಣೋದು ಹಾಗಲ್ಲ.

ಈಗ ನಮ್ಮ ಪಕ್ಕದ ಬ್ಯಾಡಗಿಗೆ ಹೋಗೋಣ. 2024ರ ಮಾರ್ಚ್ 11ರಂದು ಅಲ್ಲಿ ಏನಾಯ್ತು ಅಂತ ನೀವು ನಮ್ಮ ಚಾನೆಲ್‌ನಲ್ಲೇ ನೋಡಿದ್ದೀರಿ. ಮೆಣಸಿನಕಾಯಿ ದರ ಕುಸಿದ ಸಿಟ್ಟಿಗೆ ಮಾರುಕಟ್ಟೆಯ ಕಚೇರಿ ಮೇಲೆ ದಾಳಿ ಆಯ್ತು, ವಾಹನಗಳು ಸುಟ್ಟವು. ಆ ದಿನದ ಕುಸಿತ ಸುಳ್ಳು ಅಂತ ನಾನು ಹೇಳ್ತಿಲ್ಲ. ರೈತರ ಸಂಕಟವೂ ಸುಳ್ಳಲ್ಲ. ಆದರೆ ಅಂಥ ಕಡೆ ನಾವು ಬಾಯಿ ಬಿಡೋ ಮುಂಚೆ ಎಷ್ಟು ಎಚ್ಚರ ಇರಬೇಕು ಅನ್ನೋದಕ್ಕೆ ಒಂದು ಲೆಕ್ಕ ಕೇಳಿ.

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಅನ್ನೋದು ಒಂದು ಮಾಲಲ್ಲ. ಡಬ್ಬಿ ಬೇರೆ, ಕಡ್ಡಿ ಬೇರೆ, ಗುಂಟೂರು ಬೇರೆ. ಹೊಸ ಮಾಲು ಬೇರೆ, ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಹಳೇ ಮಾಲು ಬೇರೆ. ತಿಳಿಯೋದಕ್ಕೆ ಅಂತ ನಾನೇ ಇಟ್ಟುಕೊಂಡ ಅಂಕಿ ಇವು: ಸೋಮವಾರ 500 ಚೀಲ ಡಬ್ಬಿ ಬಂತು, ಕ್ವಿಂಟಾಲಿಗೆ 30 ಸಾವಿರ. 500 ಚೀಲ ಗುಂಟೂರು ಬಂತು, 10 ಸಾವಿರ. ಸರಾಸರಿ 20 ಸಾವಿರ. ಮುಂದಿನ ಪೇಟೆ ದಿನ ಡಬ್ಬಿ ಬರೀ 100 ಚೀಲ, ಅದೇ 30 ಸಾವಿರ. ಗುಂಟೂರು 900 ಚೀಲ, ಅದೇ 10 ಸಾವಿರ. ಈಗ ಸರಾಸರಿ 12 ಸಾವಿರ. ಒಂದು ತಳಿಯ ದರವೂ ಒಂದು ರೂಪಾಯಿ ಇಳಿದಿಲ್ಲ. ಆದರೆ ‘ಮೆಣಸಿನಕಾಯಿ ದರ’ ಅಂತ ಒಂದೇ ಹೆಸರಿಟ್ಟು ಗೆರೆ ಎಳೆದರೆ ಶೇಕಡಾ 40 ಕುಸಿತ! ಇದನ್ನ ನಾನು ಕೆಂಪು ಪಟ್ಟಿಯಲ್ಲಿ ‘ಬ್ರೇಕಿಂಗ್’ ಅಂತ ಓಡಿಸಿದರೆ ಏನಾಗುತ್ತೆ? ನೂರು ಕಿಲೋಮೀಟರ್ ದೂರದಿಂದ ಗಾಡಿ ಹೂಡಿಕೊಂಡು ಬಂದು ರಾತ್ರಿಯೆಲ್ಲಾ ಚೀಲದ ಮೇಲೆ ಮಲಗಿರೋ ರೈತ ಅದನ್ನ ಮೊಬೈಲಿನಲ್ಲಿ ನೋಡಿದರೆ? ನಿಜವಾದ ಕುಸಿತವೂ ಹೀಗೇ ಕಾಣುತ್ತೆ, ಸುಳ್ಳು ಕುಸಿತವೂ ಹೀಗೇ ಕಾಣುತ್ತೆ. ಎರಡನ್ನೂ ಬೇರೆ ಮಾಡೋದು ತಳಿಯ ಹೆಸರಿರೋ ಅಂಕಣ ಮಾತ್ರ.

ಇನ್ನೊಂದು ಪದ ನಾವು ದಿನಾ ಬಳಸ್ತೀವಿ. ಹಣದುಬ್ಬರ. 2025ರ ಅಕ್ಟೋಬರ್ ತಿಂಗಳ ಅಂಕಿಯಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25 ಇತ್ತು. ಆಗಿನ ಸರಣಿಯಲ್ಲಿ ಅಲ್ಲೀವರೆಗೆ ಅದೇ ಅತಿ ಕಡಿಮೆ ಆಗಿತ್ತು. ಅದನ್ನ ಓದಿದ ಹತ್ತು ನಿಮಿಷಕ್ಕೆ ಮೆಸೇಜುಗಳ ಸುರಿಮಳೆ. ಎಲ್ಲಿ ಇಳಿದಿದೆ ಸಾರ್ ಬೆಲೆ, ಆ ಅಂಗಡಿ ವಿಳಾಸ ಕೊಡಿ ಅಂತ. ಅವರ ತಪ್ಪಲ್ಲ. ಹಣದುಬ್ಬರ ಇಳಿಯಿತು ಅಂದ್ರೆ ಬೆಲೆ ಇಳಿಯಿತು ಅಂತಲ್ಲ. ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿದರೆ ಬೆಲೆ ಏರೋ ವೇಗ ಇಳಿದಿದೆ ಅಂತ. ಹುಬ್ಬಳ್ಳಿ ಬಸ್ಸು ಅರವತ್ತರ ವೇಗದಿಂದ ಇಪ್ಪತ್ತಕ್ಕೆ ಬಂತು ಅಂದ್ರೆ ಅದು ಹಿಂದಕ್ಕೆ ಹೊರಟಿದೆ ಅಂತಲ್ಲವಲ್ಲ, ಮುಂದಕ್ಕೇ ಹೋಗ್ತಿದೆ, ನಿಧಾನವಾಗಿ. 2024ರ ಅಕ್ಟೋಬರ್‌ನಲ್ಲಿ ನೂರು ರೂಪಾಯಿಗೆ ಬರ್ತಿದ್ದ ಬುಟ್ಟಿ 2025ರ ಅಕ್ಟೋಬರ್‌ನಲ್ಲಿ ನೂರು ರೂಪಾಯಿ ಇಪ್ಪತ್ತೈದು ಪೈಸೆ. ಅಷ್ಟೇ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಏರಿದ್ದು ಏರಿದ ಹಾಗೇ ಇದೆ.

ಆದರೆ ಆ ಬುಟ್ಟಿಯೊಳಗೆ ಕೈಹಾಕಿದರೆ ಇನ್ನೊಂದು ಸಂಗತಿ ಇದೆ. ಆಗಿನ ಬುಟ್ಟಿಯಲ್ಲಿ ಆಹಾರ ಮತ್ತು ಪಾನೀಯದ ಪಾಲು ಹತ್ತಿರತ್ತಿರ ಶೇ 46 ಇತ್ತು. ಆ ಸಲ ಬುಟ್ಟಿಯ ಬೆಲೆಯನ್ನ ಒತ್ತಿ ಹಿಡಿದದ್ದು ಮುಖ್ಯವಾಗಿ ಆಹಾರ. ಆಹಾರದ ಬೆಲೆ ಮಾತ್ರ ಅದರ ಹಿಂದಿನ ವರ್ಷಕ್ಕಿಂತ ಶೇ 5ರಷ್ಟು ನಿಜವಾಗಿಯೇ ಇಳಿದಿತ್ತು. ಬೆಂಗಳೂರಿನಲ್ಲಿ ಕೂತು ಇದಕ್ಕೆ ಒಳ್ಳೇ ಸುದ್ದಿ ಅಂತ ಹೆಸರಿಡ್ತೀವಿ. ಆಡೂರಿನಲ್ಲಿ ಬೆಳೆ ಮಾರೋಕೆ ನಿಂತವರು ಅದೇ ಅಂಕಿಗೆ ಬೇರೆ ಹೆಸರಿಡ್ತಾರೆ.

ಕೊನೆಯದಾಗಿ ಒಂದು ಪದ. ಎಲ್ಲಕ್ಕಿಂತ ಹೆಚ್ಚು ಜಗಳ ಹಚ್ಚಿರೋ ಪದ. ‘ಉತ್ಪಾದನಾ ವೆಚ್ಚ’.

2025ರಲ್ಲಿ ಹಾವೇರಿ ಜಿಲ್ಲೆಯ ರೈತರು ಮೆಕ್ಕೆಜೋಳಕ್ಕಾಗಿ ಬೀದಿಗೆ ಬಂದಿದ್ದರು. ಆಗ ಬೆಂಬಲ ಬೆಲೆ 2400 ಇತ್ತು. ಪೇಟೆಯಲ್ಲಿ ಸಿಗ್ತಿದ್ದದ್ದು ಎರಡು ಸಾವಿರಕ್ಕೂ ಎಷ್ಟೋ ಕೆಳಗೆ. ಇದರ ಮೇಲೆ ನಾನೇ ಒಂದು ಚರ್ಚೆ ನಡೆಸಿದೆ. ಒಂದು ಕಡೆಯವರು, ಕೇಂದ್ರ ಖರ್ಚಿನ ಒಂದೂವರೆ ಪಟ್ಟಿಗೂ ಹೆಚ್ಚು ಬೆಂಬಲ ಬೆಲೆ ಕೊಟ್ಟಿದೆ ಅಂದರು. ಇನ್ನೊಂದು ಕಡೆಯವರು, ಒಂದೂವರೆ ಪಟ್ಟು ಎಲ್ಲಿದೆ, ಹಸಿ ಸುಳ್ಳು ಅಂದರು. ನಲವತ್ತೈದು ನಿಮಿಷ ಕಿರುಚಾಟ. ರೇಟಿಂಗ್ ಚೆನ್ನಾಗಿ ಬಂತು. ಆದರೆ ಮನೆಗೆ ಹೋಗಿ ದಾಖಲೆ ತೆಗೆದು ನೋಡಿದಾಗ ಗೊತ್ತಾಯ್ತು, ಇಬ್ಬರೂ ಒಂದೇ ಪದ ಹಿಡಿದು ಬೇರೆ ಬೇರೆ ಮೊತ್ತದ ಬಗ್ಗೆ ಜಗಳ ಆಡಿದ್ದರು.

ಸರ್ಕಾರದ ಪಟ್ಟಿಯಲ್ಲಿ 2025-26ರ ಮುಂಗಾರಿಗೆ ಮೆಕ್ಕೆಜೋಳದ ಖರ್ಚು ಕ್ವಿಂಟಾಲಿಗೆ 1508, ಬೆಂಬಲ ಬೆಲೆ 2400. ಅಂದ್ರೆ ಖರ್ಚಿನ ಮೇಲೆ ಶೇ 59. ಸಾಮಾನ್ಯ ಭತ್ತಕ್ಕೆ ಖರ್ಚು 1579, ಬೆಂಬಲ ಬೆಲೆ 2369, ಶೇ 50. ಗುಣಿಸಿ ನೋಡಿ, ಲೆಕ್ಕ ಸರಿ ಇದೆ. ಆದರೆ ಖರ್ಚು ಅಂದ್ರೆ ಏನು? ಅಲ್ಲಿ ಬರೆದಿರೋದು ಎ2 ಪ್ಲಸ್ ಎಫ್‌ಎಲ್. ಎ2 ಅಂದ್ರೆ ರೈತ ಕೈಯಿಂದ ಹಾಕಿದ ಖರ್ಚು. ಬೀಜ, ಗೊಬ್ಬರ, ಔಷಧ, ಕೂಲಿ, ಡೀಸೆಲ್, ನೀರು, ಲಾವಣಿಗೆ ಹಿಡಿದ ಹೊಲದ ಬಾಡಿಗೆ ಇಂಥವು. ಎಫ್‌ಎಲ್ ಅಂದ್ರೆ ಮನೆಮಂದಿಯ ದುಡಿಮೆಗೆ ಕಟ್ಟಿದ ಬೆಲೆ. ಇದಲ್ಲದೆ ಇನ್ನೊಂದು ಲೆಕ್ಕ ಇದೆ, ಅದರ ಹೆಸರು ಸಿ2. ಅದರಲ್ಲಿ ರೈತನ ಸ್ವಂತ ಹೊಲಕ್ಕೆ ಬರಬಹುದಾಗಿದ್ದ ಬಾಡಿಗೆ, ಅವನು ಹೂಡಿದ ಸ್ವಂತ ಬಂಡವಾಳದ ಬಡ್ಡಿ ಕೂಡ ಸೇರುತ್ತೆ. ಸಹಜವಾಗಿಯೇ ಸಿ2 ದೊಡ್ಡದು. ರೈತ ಸಂಘಟನೆಗಳು ಒಂದೂವರೆ ಪಟ್ಟು ಕೇಳ್ತಿರೋದು ಸಿ2 ಮೇಲೆ. ಎರಡನ್ನೂ ಲೆಕ್ಕ ಹಾಕೋದು ಒಂದೇ ಆಯೋಗ, ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ. ಮತ್ತೊಂದು ಮಾತು, ಆ 1508 ಇಡೀ ದೇಶದ ಸರಾಸರಿ. ಆಡೂರಿನ ಖರ್ಚು ಅಲ್ಲ.

ಎರಡರಲ್ಲಿ ಯಾವುದು ನ್ಯಾಯ ಅನ್ನೋದು ರಾಜಕೀಯದ ಪ್ರಶ್ನೆ. ಅದರ ಮೇಲೆ ಜಗಳ ಆಗಲಿ, ಆಗಲೇಬೇಕು. ಆದರೆ ಆ ಜಗಳ ಆಗಬೇಕು ಅಂದ್ರೆ ಮೊದಲು ಇಬ್ಬರೂ ಯಾವ ವೆಚ್ಚದ ಬಗ್ಗೆ ಮಾತಾಡ್ತಿದ್ದಾರೆ ಅನ್ನೋದು ಜನರಿಗೆ ಗೊತ್ತಾಗಬೇಕು. ಅವತ್ತು ನಾನು ಮಾಡಬೇಕಾಗಿದ್ದಿದ್ದು ಒಂದೇ ಕೆಲಸ. ಇಬ್ಬರನ್ನೂ ತಡೆದು, ಸ್ವಾಮೀ, ನಿಮ್ಮ ಖರ್ಚಿನಲ್ಲಿ ಹೊಲದ ಬಾಡಿಗೆ ಸೇರಿದೆಯಾ ಇಲ್ವಾ ಅಂತ ಕೇಳೋದು. ಅರ್ಧ ನಿಮಿಷದ ಪ್ರಶ್ನೆ. ಕೇಳಲಿಲ್ಲ. ಯಾಕಂದ್ರೆ ನಾನು ಕೇಳಿದ್ದರೆ ಕಿರುಚಾಟ ನಿಲ್ಲುತ್ತಿತ್ತು.

ಆದ್ದರಿಂದ ವೀಕ್ಷಕರೇ, ಇನ್ನು ಮುಂದೆ ತೆರೆಯ ಮೇಲೆ ಯಾವುದೇ ಅಂಕಿ ಕಂಡರೆ ಐದು ಪ್ರಶ್ನೆ ಕೇಳಿ. ನನ್ನ ಚಾನೆಲ್ ಇರಲಿ, ಬೇರೆಯವರದ್ದಿರಲಿ.

ಒಂದು, ಯಾವುದರದ್ದು? ಭತ್ತವೋ ಅಕ್ಕಿಯೋ, ಡಬ್ಬಿಯೋ ಗುಂಟೂರೋ, ಗರಿಷ್ಠವೋ ಮಾದರಿಯೋ.

ಎರಡು, ಯಾವ ಅಳತೆಯಲ್ಲಿ? ಚೀಲವೋ, ಕ್ವಿಂಟಾಲೋ, ಬೇಲೋ, ನೂರಕ್ಕೆ ಇಷ್ಟು ಅನ್ನೋ ಸೂಚ್ಯಂಕವೋ. ಸೂಚ್ಯಂಕ ಆದ್ರೆ ಯಾವ ವರ್ಷವನ್ನು ನೂರು ಮಾಡಿದ್ದು.

ಮೂರು, ಎಲ್ಲಿಯದು? ಹಳೇ ಧಾರವಾಡವೋ ಹೊಸ ಧಾರವಾಡವೋ, ದೇಶದ ಸರಾಸರಿಯೋ ನಮ್ಮ ತಾಲ್ಲೂಕಿನದೋ.

ನಾಲ್ಕು, ಯಾವಾಗಿನದು? 2024-25 ಅಂದ್ರೆ ಹಣಕಾಸಿನವರಿಗೆ ಏಪ್ರಿಲ್‌ನಿಂದ ಮಾರ್ಚ್. ಕೃಷಿ ಇಲಾಖೆಯ ಬೆಳೆ ಲೆಕ್ಕಕ್ಕೆ ಜುಲೈನಿಂದ ಜೂನ್. ಏರಿತು, ಇಳಿಯಿತು ಅಂದ್ರೆ ಹೋದ ತಿಂಗಳಿಗಿಂತಲೋ, ಹೋದ ವರ್ಷದ ಇದೇ ತಿಂಗಳಿಗಿಂತಲೋ.

ಐದು, ಒಳಗೆ ಏನು ಸೇರಿದೆ, ಏನು ಬಿಟ್ಟಿದೆ?

ಈ ಐದಕ್ಕೂ ಉತ್ತರ ಸಿಗದಿದ್ದರೆ ಆ ಅಂಕಿಯನ್ನ ನಂಬಿ ಗಾಡಿ ಹೂಡಬೇಡಿ. ಸಿಕ್ಕ ಮೇಲೂ ಒಮ್ಮೆ ಪೇಟೆಯಲ್ಲಿ ಪರಿಚಯದವರನ್ನ ಕೇಳಿ.

ನಮ್ಮ ಕಡೆಯಿಂದಲೂ ಒಂದು ಮಾತು ಕೊಡ್ತೀನಿ. ಇವತ್ತಿನಿಂದ ನಮ್ಮ ಧಾರಣೆ ಪಟ್ಟಿಯಲ್ಲಿ ‘ಇಂದಿನ ದರ’ ಅನ್ನೋ ಪದ ಇರಲ್ಲ. ಕನಿಷ್ಠ, ಗರಿಷ್ಠ, ಮಾದರಿ ಮೂರೂ ಇರುತ್ತವೆ, ತಳಿಯ ಹೆಸರು ಇರುತ್ತೆ, ಎಷ್ಟು ಮಾಲು ಬಂತು ಅನ್ನೋದೂ ಇರುತ್ತೆ. ಮಾದರಿ ಪಕ್ಕದಲ್ಲಿ ‘ಹೆಚ್ಚು ಮಾಲು ಮಾರಾಟವಾದ ದರ’ ಅಂತ ಕನ್ನಡದಲ್ಲೇ ಬಿಡಿಸಿ ಬರೀತೀವಿ. ನಲವತ್ತು ಸೆಕೆಂಡು ಸಾಲಲ್ಲ. ಸಂಪಾದಕರ ಹತ್ತಿರ ಜಗಳ ಆಡಿ ಎರಡು ನಿಮಿಷ ತಗೊಂಡಿದ್ದೇನೆ. ಕಲ್ಲಿನಲ್ಲಿ ಕೊರೆದವರಿಗೆ ಹೊತ್ತಿತ್ತು ಅಂದ ಮೇಲೆ ನಮಗೆ ಇಲ್ಲ ಅನ್ನೋಕಾಗಲ್ಲ.

ನಿನ್ನೆ ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ, ನಾಳೆ ಅರ್ಧ ಗಂಟೆ ನಿಮ್ಮ ಪ್ರಶ್ನೆಯ ಮೇಲೇ ಮಾತಾಡ್ತೀನಿ, ತಪ್ಪದೇ ನೋಡಿ ಅಂತ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು:

“ಅರ್ಧ ತಾಸು ಅಂದ್ರ, ಜಾಹೀರಾತು ಹಿಡಿದೋ, ಬಿಟ್ಟೋ?”

ದೊಡ್ಡಪ್ಪಾ, ಹಿಡಿದು.

ನಾಳೆ ಇದೇ ಹೊತ್ತಿಗೆ ಮತ್ತೆ ಸಿಗೋಣ. ನಮಸ್ಕಾರ.